ಕ್ಲೇಮಿನ ಸುದ್ದಿ ನಡೆದು ಬಂದ ದಾರಿ

ಆರೋಗ್ಯ ವಿಮೆಯಲ್ಲಿ ಪಾಲಿಸಿದಾರರಿಗೆ ಮುಖ್ಯವಾಗಿ ಎರಡು ಹೊಣೆಗಳಿವೆ. ಒಂದು, ಕಂತನ್ನು ಹೊತ್ತಿಗೆ ಸರಿಯಾಗಿ ಕಟ್ಟುವುದು. ಇನ್ನೊಂದು, ಕಾಯಿಲೆಯಾಗಿ ಆಸ್ಪತ್ರೆ ಸೇರಿದಾಗ ಆ ಸಂಗತಿಯನ್ನು ಗೊತ್ತುಪಡಿಸಿದ ಅವಧಿಯೊಳಗೆ ವಿಮಾ ಸಂಸ್ಥೆಗೆ ತಿಳಿಸುವುದು. ಮೊದಲನೆಯದನ್ನು ಆರಾಮವಾಗಿರುವಾಗ ಮಾಡಬಹುದು. ಎರಡನೆಯದನ್ನು ಮಾಡಬೇಕಾಗಿ ಬರುವುದು ಮನೆಮಂದಿಯೆಲ್ಲ ದಿಕ್ಕು ತೋಚದೆ ಓಡಾಡುವ ಹೊತ್ತಿನಲ್ಲಿ. ವಿಮಾ ಸಂಸ್ಥೆ ಇದನ್ನು ಕೇಳುವುದಕ್ಕೂ ಕಾರಣವಿದೆ. ರೋಗಿ ಇನ್ನೂ ಮಂಚದ ಮೇಲಿರುವಾಗಲೇ ಸುದ್ದಿ ಸಿಕ್ಕರೆ ಕಾಯಿಲೆ ನಿಜವೇ, ಚಿಕಿತ್ಸೆ ಬೇಕಾದದ್ದೇ, ಬಿಲ್ಲು ಸರಿಯೇ ಎಂದು ವಿಚಾರಿಸಬಹುದು. ಆರು ತಿಂಗಳ ಮೇಲೆ ಬರೀ ಕಾಗದದ ಕಟ್ಟು ಕೈಗೆ ಬಂದರೆ ಅದು ಆಗದು. ಈ ನಿಯಮ ಹಳ್ಳಿಗಾಡಿನಲ್ಲಿ ಹೇಗೆ ನಡೆಯಿತು, ಸುದ್ದಿ ಮುಟ್ಟಿಸುವ ಹೊಣೆ ಯಾರ ಹೆಗಲಿನಿಂದ ಯಾರ ಹೆಗಲಿಗೆ ದಾಟಿತು ಎಂಬುದರಲ್ಲಿ ಕರ್ನಾಟಕದ ಆರೋಗ್ಯ ವಿಮೆಯ ಚರಿತ್ರೆಯ ತಿರುಳಿದೆ. ಕಡೂರು ತಾಲ್ಲೂಕಿನ ಸಖರಾಯಪಟ್ಟಣದಂಥ ಹೋಬಳಿಯಲ್ಲಿ ನಿಂತು ನೋಡಿದರೆ ಅದು ಚೆನ್ನಾಗಿ ಕಾಣುತ್ತದೆ.

ಸಖರಾಯಪಟ್ಟಣ ಇರುವುದು ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವ ರಸ್ತೆಯ ನಡುವೆ, ಬಾಬಾಬುಡನ್‌ಗಿರಿಯ ಸಾಲು ಇಳಿದು ಬಯಲುಸೀಮೆಗೆ ಸೇರುವ ಅಂಚಿನಲ್ಲಿ. ಗಿರಿಯ ನೀರು ಅಯ್ಯನಕೆರೆಗೆ ಬಂದು ತುಂಬುತ್ತದೆ. ಊರಿಗೆ ಹೆಸರು ತಂದಿರುವುದು ಆ ಕೆರೆ ಮತ್ತು ಶಕುನಿ ರಂಗನಾಥಸ್ವಾಮಿ. ರಾಗಿ, ತೆಂಗು, ಅಡಿಕೆ, ಜತೆಗೊಂದಿಷ್ಟು ಹೈನು: ಸುತ್ತಲಿನ ಬದುಕು ಇದರ ಮೇಲೆ ನಿಂತಿದೆ. ಸಣ್ಣಪುಟ್ಟ ಕಾಯಿಲೆಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯುಂಟು. ದೊಡ್ಡ ಆಪರೇಷನ್ ಎಂದರೆ ಚಿಕ್ಕಮಗಳೂರು, ಅದಕ್ಕೂ ಮೀರಿದರೆ ಹಾಸನ, ಶಿವಮೊಗ್ಗ, ಮಣಿಪಾಲ ಇಲ್ಲವೇ ಬೆಂಗಳೂರು. ವಿಮಾ ಕಂಪನಿಗಳ ಕಚೇರಿಗಳು ಇದ್ದದ್ದು ಜಿಲ್ಲಾ ಕೇಂದ್ರದಲ್ಲಿ, ದೊಡ್ಡ ಪಟ್ಟಣಗಳಲ್ಲಿ. ರೋಗಿ ಒಂದು ದಿಕ್ಕಿಗೆ, ಸುದ್ದಿ ಇನ್ನೊಂದು ದಿಕ್ಕಿಗೆ ಹೋಗಬೇಕಾದ ಭೂಗೋಳ ಇದು.

ಮೈಸೂರು ಸಂಸ್ಥಾನದ ಕಾಲದಲ್ಲಿ ಈ ಪ್ರದೇಶ ಕಡೂರು ಜಿಲ್ಲೆಗೆ ಸೇರಿತ್ತು. ಜಿಲ್ಲೆ ರಚನೆಯಾದದ್ದು 1863ರಲ್ಲಿ. ಎರಡು ವರ್ಷಕ್ಕೆ ಕೇಂದ್ರ ಚಿಕ್ಕಮಗಳೂರಿಗೆ ಹೋಯಿತು. ಹೆಸರು ಮಾತ್ರ 1947ರವರೆಗೆ ಕಡೂರು ಎಂದೇ ಉಳಿಯಿತು. ಆ ಕಾಲದಲ್ಲಿ ಚಿಕಿತ್ಸೆ ಸಿಗುತ್ತಿದ್ದದ್ದು ಸರ್ಕಾರಿ ಡಿಸ್ಪೆನ್ಸರಿಗಳಲ್ಲಿ ಮತ್ತು ನಾಟಿ ವೈದ್ಯರಲ್ಲಿ. ಡಿಸ್ಪೆನ್ಸರಿಯಲ್ಲಿ ದುಡ್ಡು ಕೊಡಬೇಕಿರಲಿಲ್ಲವಾದ್ದರಿಂದ ಯಾರಿಂದಲೂ ವಾಪಸು ಕೇಳುವ ಮಾತೂ ಇರಲಿಲ್ಲ. ಕಾಯಿಲೆಯ ಸುದ್ದಿಯನ್ನು ಮೇಲಿನವರಿಗೆ ತಿಳಿಸಲೇಬೇಕೆಂಬ ಕಟ್ಟಳೆ ಬಂದದ್ದು ಪ್ಲೇಗಿನಿಂದ. 1898ರಲ್ಲಿ ಪ್ಲೇಗು ಮೈಸೂರು ಸಂಸ್ಥಾನವನ್ನು ಹೊಕ್ಕ ಮೇಲೆ ರೋಗ ಕಂಡರೆ ಅಧಿಕಾರಿಗಳಿಗೆ ತಿಳಿಸುವುದು ಕಡ್ಡಾಯವಾಯಿತು. ತಿಳಿಸಿದರೆ ಮನೆ ಬಿಟ್ಟು ಊರಾಚೆಯ ಷೆಡ್ಡಿಗೆ ಹೋಗಬೇಕಾದೀತು ಎಂದು ಹೆದರಿ ಎಷ್ಟೋ ಮನೆಗಳು ರೋಗವನ್ನು ಮುಚ್ಚಿಟ್ಟವು. ಸುದ್ದಿ ಕೊಟ್ಟದ್ದರಿಂದ ಕಷ್ಟವೇ ಬರುತ್ತದೆ ಎಂಬ ಅನುಭವ ಹೀಗೆ ಹಳೆಯದು. ಸುದ್ದಿ ಕೊಟ್ಟರೆ ನೆರವು ಬರುತ್ತದೆ ಎಂಬ ನಂಬಿಕೆ ಬಹಳ ತಡವಾಗಿ ಬಂತು.

ವಿಮೆ ಎಂಬುದು ಸಂಸ್ಥಾನಕ್ಕೆ ಹೊಸದೇನಾಗಿರಲಿಲ್ಲ. ಸರ್ಕಾರಿ ನೌಕರರಿಗಾಗಿ 1891ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಸರ್ಕಾರವೇ ಜೀವ ವಿಮೆ ಆರಂಭಿಸಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ ಅದು. ಹಳ್ಳಿಯ ಶಾಲೆಯ ಮೇಷ್ಟರು, ಕಂದಾಯ ಇಲಾಖೆಯ ಗುಮಾಸ್ತರು ತಮ್ಮ ಸಂಬಳದಿಂದ ಕಂತು ಮುರಿಸಿಕೊಂಡು ಪಾಲಿಸಿ ಪಡೆದ ಮೊದಲಿಗರಲ್ಲಿ ಸೇರುತ್ತಾರೆ. ಆದರೆ ಅದರ ಹಣ ಬರುತ್ತಿದ್ದದ್ದು ಅವಧಿ ಮುಗಿದಾಗ ಇಲ್ಲವೇ ನೌಕರ ತೀರಿಕೊಂಡಾಗ. ನೌಕರನ ಮೇಲಧಿಕಾರಿಗೆ ಗೊತ್ತಿಲ್ಲದೆ ಇವೆರಡೂ ನಡೆಯುವಂತಿಲ್ಲ. ಸುದ್ದಿ ಇಲಾಖೆಯ ಒಳಗೇ ಹರಿಯುತ್ತಿತ್ತು.

ತಿಳಿವಳಿಕೆ ಕೊಡುವುದನ್ನು ಒಂದು ಹಕ್ಕಿನ ಜತೆ ಕಟ್ಟಿದ ಮೊದಲ ದೊಡ್ಡ ಕಾನೂನು 1923ರ ಕಾರ್ಮಿಕರ ಪರಿಹಾರ ಕಾಯಿದೆ. ಬ್ರಿಟಿಷ್ ಇಂಡಿಯಾದ ಈ ಕಾಯಿದೆ, ಸಂಸ್ಥಾನಗಳು ಒಕ್ಕೂಟಕ್ಕೆ ಸೇರಿದ ಮೇಲೆ ಇಡೀ ದೇಶಕ್ಕೆ ವಿಸ್ತರಿಸಿತು. ಅದರ 10ನೇ ಕಲಮು ಇಂದು ಓದಿದರೂ ಮೆಚ್ಚಬೇಕಾದಷ್ಟು ವಿವೇಕದಿಂದ ಕೂಡಿದೆ. ಪೆಟ್ಟಾದ ಕೆಲಸಗಾರ ಸಾಧ್ಯವಾದಷ್ಟು ಬೇಗ ನೋಟಿಸು ಕೊಡಬೇಕು. ಆದರೆ ಮಾಲೀಕನಿಗೆ ಆ ಹೊತ್ತಿಗೆ ಬೇರೆ ಯಾವುದೇ ಮೂಲದಿಂದ ಅಪಘಾತದ ಸುದ್ದಿ ತಿಳಿದಿದ್ದರೆ ನೋಟಿಸು ಇಲ್ಲವೆಂದೋ, ಅದರಲ್ಲಿ ಕುಂದಿದೆಯೆಂದೋ ಪರಿಹಾರ ತಪ್ಪಿಸುವಂತಿಲ್ಲ. ಕೆಲಸದ ಸ್ಥಳದಲ್ಲಿ ಪೆಟ್ಟಾದವರ ಕೈಗೆ ಸುಲಭವಾಗಿ ಸಿಗುವಂತೆ ಒಂದು ನೋಟಿಸ್ ಪುಸ್ತಕ ಇಡಿಸಲೂ ಅದರಲ್ಲಿ ಅವಕಾಶವಿತ್ತು. ಬಾಬಾಬುಡನ್‌ಗಿರಿಯ ಕಾಫಿ ತೋಟಗಳು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಒದಗಿಸಿದ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಗಣಿ ಇರುವ ಈ ಜಿಲ್ಲೆಗೆ ಇಂಥ ಕಾನೂನು ದೂರದ ಮಾತಾಗಿರಲಿಲ್ಲ. ಸುದ್ದಿ ತಲುಪಿತೇ ಎಂಬುದು ಮುಖ್ಯ, ಯಾರು ಯಾವ ಕಾಗದದಲ್ಲಿ ಕೊಟ್ಟರು ಎಂಬುದಲ್ಲ ಎಂಬ ಈ ತತ್ವವನ್ನು ಆರೋಗ್ಯ ವಿಮೆ ಒಪ್ಪಿಕೊಳ್ಳಲು ಸುಮಾರು 90 ವರ್ಷ ಬೇಕಾಯಿತು.

1951ರ ತೋಟ ಕಾರ್ಮಿಕರ ಕಾಯಿದೆ ಕಾಫಿ ತೋಟದ ಆಳುಗಳ ಚಿಕಿತ್ಸೆಯ ಹೊಣೆಯನ್ನು ಮಾಲೀಕರ ಮೇಲೆ ಹಾಕಿತು, ಕಾಯಿಲೆಯ ದಿನಗಳ ಭತ್ಯೆಗೆ ವೈದ್ಯರ ಸರ್ಟಿಫಿಕೇಟನ್ನು ಆಧಾರ ಮಾಡಿತು. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯಡಿ ಇಎಸ್‌ಐ ಯೋಜನೆ 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾಗಿ 1958ರಲ್ಲಿ ಬೆಂಗಳೂರಿಗೆ ಬಂತು. ಅಲ್ಲಿಯೂ ವಿಮಾ ವೈದ್ಯಾಧಿಕಾರಿ ಬರೆದುಕೊಟ್ಟ ಸರ್ಟಿಫಿಕೇಟೇ ಕ್ಲೇಮಿನ ಬೀಜ. ಚಿಕಿತ್ಸೆ ಕೊಡುವವರೂ ಸುದ್ದಿಗೆ ಸಾಕ್ಷಿಯಾಗುವವರೂ ಒಬ್ಬರೇ ಆದ್ದರಿಂದ ರೋಗಿ ಬೇರೆಲ್ಲಿಗೋ ಕಾಗದ ಬರೆಯಬೇಕಿರಲಿಲ್ಲ. ಆದರೆ ಇವೆಲ್ಲ ತೋಟ, ಗಣಿ, ಕಾರ್ಖಾನೆಗಳ ಸಂಬಳಗಾರರಿಗೆ ಸಂಬಂಧಿಸಿದವು. ಸ್ವಂತ ಹೊಲ ಉಳುವ ರೈತನಿಗೆ, ಅವನ ಹೊಲದಲ್ಲಿ ದುಡಿಯುವ ಕೂಲಿಗೆ ಇವುಗಳಲ್ಲಿ ಜಾಗವಿರಲಿಲ್ಲ. ಕಡೂರು ಸೀಮೆಯಲ್ಲಿ ಇದ್ದವರು ಹೆಚ್ಚಾಗಿ ಅವರೇ. ಅವರ ಪಾಲಿಗೆ ದೊಡ್ಡ ಕಾಯಿಲೆ ಎಂದರೆ ಕೈಸಾಲ, ಒಡವೆ ಅಡವು, ಕೊನೆಗೆ ಜಮೀನು.

1973ರ ಜನವರಿ 1ರಿಂದ ಸಾಮಾನ್ಯ ವಿಮೆ ರಾಷ್ಟ್ರೀಕರಣಗೊಂಡು ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಕಂಪನಿಗಳ ಕೈಗೆ ಬಂತು. ಇವು 1986ರಲ್ಲಿ ಮೆಡಿಕ್ಲೇಮ್ ಪಾಲಿಸಿಯನ್ನು ಹೊರತಂದವು. ಬೆಂಕಿ, ಹಡಗು, ವಾಹನ ಇವುಗಳ ವಿಮೆಯಲ್ಲಿ ನಷ್ಟವಾದೊಡನೆ ಕಂಪನಿಗೆ ತಿಳಿಸಬೇಕೆಂಬ ಕಟ್ಟಳೆ ಮೊದಲಿನಿಂದಲೂ ಇತ್ತು. ಅದನ್ನೇ ಮನುಷ್ಯನ ದೇಹಕ್ಕೂ ಹೊಂದಿಸಲಾಯಿತು. ಆಸ್ಪತ್ರೆಗೆ ಸೇರಿದ ದಿನದಿಂದ 7 ದಿನದೊಳಗೆ ಕಂಪನಿಗೆ ಪ್ರಾಥಮಿಕ ಸೂಚನೆ ಹೋಗಬೇಕು. ಅದರಲ್ಲಿ ಪಾಲಿಸಿ ನಂಬರು, ವಿಮೆ ಪಡೆದವರ ಹೆಸರು, ಕಾಯಿಲೆ ಅಥವಾ ಗಾಯದ ಸ್ವರೂಪ, ನೋಡುತ್ತಿರುವ ವೈದ್ಯರ ಹಾಗೂ ಆಸ್ಪತ್ರೆಯ ಹೆಸರು, ವಿಳಾಸ ಇರಬೇಕು. ಡಿಸ್ಚಾರ್ಜ್ ಆಗಿ 30 ದಿನದೊಳಗೆ ಅಸಲು ಬಿಲ್ಲು, ರಸೀದಿ, ಕ್ಲೇಮ್ ಫಾರಂ ಎಲ್ಲ ಸೇರಿಸಿ ಪೂರ್ಣ ಕ್ಲೇಮು ಸಲ್ಲಿಸಬೇಕು. ತೀರಾ ಕಷ್ಟದ ಸಂದರ್ಭವೆಂದು ಕಂಪನಿಗೆ ಮನವರಿಕೆಯಾದರೆ ಅವಧಿಯ ಷರತ್ತನ್ನು ಸಡಿಲಿಸಬಹುದು ಎಂಬ ಮಾತೂ ಪಾಲಿಸಿಯಲ್ಲಿತ್ತು. ಮನವರಿಕೆ ಮಾಡಿಕೊಡುವ ಕೆಲಸ ಮಾತ್ರ ರೋಗಿಯದು.

ಈ ಏಳು ದಿನವನ್ನು ಸಖರಾಯಪಟ್ಟಣದ ಕಡೆಯಿಂದ ಲೆಕ್ಕ ಹಾಕಿ ನೋಡಬೇಕು. ಹಳ್ಳಿಯೊಂದರ ಅಂಗಡಿಯವರೋ ಅಡಿಕೆ ಬೆಳೆಗಾರರೋ ಚಿಕ್ಕಮಗಳೂರಿನ ಏಜೆಂಟರ ಮೂಲಕ ಪಾಲಿಸಿ ತೆಗೆದುಕೊಂಡಿದ್ದಾರೆ ಎನ್ನೋಣ. ಎದೆನೋವು ಬಂದು ಮಣಿಪಾಲಕ್ಕೆ ಒಯ್ದರೆ ಪಾಲಿಸಿಯ ಕಾಗದ ಊರಿನ ಬೀರುವಿನಲ್ಲಿ ಉಳಿಯುತ್ತದೆ. ಅದರ ನಂಬರು ತಿಳಿಯಲು ಯಾರಾದರೂ ಊರಿಗೆ ಬರಬೇಕು. ಟ್ರಂಕ್ ಕಾಲ್ ಅಥವಾ ಎಸ್‌ಟಿಡಿ ಬೂತಿನಿಂದ ಏಜೆಂಟರಿಗೆ ಹೇಳಿದರೆ ಬಾಯಿಮಾತಾಯಿತು; ಅದಕ್ಕೆ ದಾಖಲೆಯಿಲ್ಲ. ದಾಖಲೆ ಬೇಕೆಂದರೆ ರಿಜಿಸ್ಟರ್ಡ್ ಅಂಚೆ ಅಥವಾ ತಂತಿ. ಇಂಥ ಕಾಗದಕ್ಕೆ ರಸೀದಿ ಇಟ್ಟುಕೊಳ್ಳಬೇಕೆಂಬುದು ಓದು ಬಲ್ಲವರಿಗೂ ಆ ಹೊತ್ತಿನಲ್ಲಿ ಹೊಳೆಯುವುದು ಕಷ್ಟ. ಆಸ್ಪತ್ರೆಯ ಖರ್ಚನ್ನೆಲ್ಲ ಮೊದಲು ಕೈಯಿಂದಲೇ ಕಟ್ಟಿರಬೇಕು. ಆಸ್ಪತ್ರೆ ಎನಿಸಿಕೊಳ್ಳಲು ನೋಂದಣಿ ಇರಬೇಕು, ನೋಂದಣಿ ಇಲ್ಲದಿದ್ದರೆ ಕನಿಷ್ಠ 15 ಹಾಸಿಗೆ, ಸಣ್ಣ ಊರುಗಳಲ್ಲಿ 10, ಇರಲೇಬೇಕು ಎಂಬ ನಿಯಮದಿಂದಾಗಿ ತಾಲ್ಲೂಕು ಕೇಂದ್ರದ ಚಿಕ್ಕ ನರ್ಸಿಂಗ್ ಹೋಂ ಲೆಕ್ಕಕ್ಕೆ ಬರದೆ ಹೋಗಲೂಬಹುದಿತ್ತು. ಮೆಡಿಕ್ಲೇಮ್ ಬಹುಕಾಲ ಪೇಟೆಯ ಸಂಬಳಗಾರರ ಪಾಲಿಸಿಯಾಗಿ ಉಳಿದದ್ದಕ್ಕೆ ಕಂತಿನ ಮೊತ್ತವೊಂದೇ ಕಾರಣವಲ್ಲ. ಬಡವರಿಗೆಂದು 1996ರಲ್ಲಿ ಬಂದ ಜನ ಆರೋಗ್ಯ ಪಾಲಿಸಿಯ ಕಂತು 45 ವಯಸ್ಸಿನವರೆಗೆ ವರ್ಷಕ್ಕೆ 70 ರೂಪಾಯಿ, ರಕ್ಷಣೆ 5000 ರೂಪಾಯಿ. ಕಂತು ಕೈಗೆಟುಕುವಂತಿದ್ದರೂ ಅದು ಹಳ್ಳಿಗಳಲ್ಲಿ ಬೇರೂರಲಿಲ್ಲ. ಸುದ್ದಿ ಮುಟ್ಟಿಸುವ, ಕಾಗದ ಸೇರಿಸುವ ಪೂರ್ತಿ ಭಾರ ಅಲ್ಲಿಯೂ ರೋಗಿಯ ಮನೆಯವರ ಮೇಲೆಯೇ ಇತ್ತು.

ಅದೇ ಹಳ್ಳಿಗಳಲ್ಲಿ ವಿಮೆಯ ಸುದ್ದಿ ಸಲೀಸಾಗಿ ಮುಟ್ಟುತ್ತಿದ್ದ ಒಂದು ಕ್ಷೇತ್ರವಿತ್ತು: ದನದ ವಿಮೆ. ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರವಿರುವ ಅಜ್ಜಂಪುರದ ಸೀಮೆಗೆ ದನದ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. 1970ರ ದಶಕದಿಂದ ಸಾಲದ ಜತೆಗೆ ಹಸು ಕೊಡುವ ಯೋಜನೆಗಳು ಬಂದಾಗ ಆ ಹಸುಗಳಿಗೆ ವಿಮೆಯೂ ಬಂತು. ವಿಮೆಯ ಗುರುತು ಕಿವಿಯ ಓಲೆ. ಹಸು ಸತ್ತರೆ ಕೂಡಲೇ ತಿಳಿಸಬೇಕು, ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಬೇಕು, ಓಲೆಯನ್ನು ಒಪ್ಪಿಸಬೇಕು. ಓಲೆ ಇಲ್ಲದಿದ್ದರೆ ಕ್ಲೇಮಿಲ್ಲ. ಹೆಣವನ್ನು ಹೆಚ್ಚು ಹೊತ್ತು ಇಡಲಾಗದ್ದರಿಂದ ಇಲ್ಲಿ ಗಡುವು ಇನ್ನೂ ಬಿಗಿ. ಹಾಗಿದ್ದೂ ಕೆಲಸ ನಡೆಯುತ್ತಿತ್ತು, ಏಕೆಂದರೆ ಸುದ್ದಿ ಕೊಡಬೇಕಾದ ಜಾಗ ಹಾಲಿನ ಡೇರಿ. ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಗಳು ಹಾಸನ ಹಾಲು ಒಕ್ಕೂಟಕ್ಕೆ ಸೇರಿವೆ. ಅದರಡಿಯ ಹಳ್ಳಿ ಡೇರಿಗಳಿಗೆ ರೈತರು ಬೆಳಿಗ್ಗೆ ಸಂಜೆ ಹೋಗಲೇಬೇಕು. ಡೇರಿಯ ಸೆಕ್ರೆಟರಿಗೆ ಯಾರ ಮನೆಯ ಹಸು ಎಂಬುದು ಗೊತ್ತು, ಡಾಕ್ಟರನ್ನು ಯಾವಾಗ ಕರೆಸಬೇಕೆಂಬುದೂ ಗೊತ್ತು. ಹಸುವಿನ ಕ್ಲೇಮಿಗೆ ಊರಿನಲ್ಲೇ ಇದ್ದ ಈ ಬಾಗಿಲು ಮನುಷ್ಯರ ಕ್ಲೇಮಿಗೆ 2003ರವರೆಗೂ ತೆರೆಯಲಿಲ್ಲ.

ಈ ಬಾಗಿಲನ್ನು ತೆರೆದದ್ದು ಯಶಸ್ವಿನಿ. ಕರ್ನಾಟಕದ ಸಹಕಾರ ಚಳವಳಿ ಅಷ್ಟು ಹೊತ್ತಿಗೆ ನೂರು ವರ್ಷದ ಹತ್ತಿರ ಬಂದಿತ್ತು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ. ಬೆಳೆಸಾಲ, ಗೊಬ್ಬರ, ಬಿತ್ತನೆ ಬೀಜ ಎಂದು ರೈತ ವರ್ಷಕ್ಕೆ ಹಲವು ಸಲ ಹೋಗಿ ಬರುವ ಜಾಗ ಸೊಸೈಟಿ. ನಾರಾಯಣ ಹೃದಯಾಲಯದ ಡಾ. ದೇವಿ ಶೆಟ್ಟಿಯವರ ಕಲ್ಪನೆಯನ್ನು ಸಹಕಾರ ಇಲಾಖೆ ಈ ಸಂಘಗಳ ಜಾಲದ ಮೇಲೆ ಕೂರಿಸಿತು. ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ, 2002ರ ನವೆಂಬರ್ 14ರಂದು ಯೋಜನೆಯ ಉದ್ಘಾಟನೆಯಾಯಿತು. ಚಿಕಿತ್ಸೆ ಆರಂಭವಾದದ್ದು 2003ರ ಜೂನ್ 1ರಿಂದ. ಕಂತು ತಲೆಗೆ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60. ಸರ್ಕಾರ ತನ್ನ ಪಾಲನ್ನೂ ಸೇರಿಸಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. 1600ಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆಗಳಿಗೆ ರಕ್ಷಣೆಯಿತ್ತು. ಒಂದು ಆಪರೇಷನ್‌ಗೆ 1 ಲಕ್ಷ, ವರ್ಷಕ್ಕೆ 2 ಲಕ್ಷ ರೂಪಾಯಿ ಮಿತಿ. ಮೊದಲೇ ಇದ್ದ ಕಾಯಿಲೆ ಎಂಬ ಕಾರಣಕ್ಕೆ ಯಾರನ್ನೂ ಹೊರಗಿಡಲಿಲ್ಲ.

ಯಶಸ್ವಿನಿಯ ಹಿಂದೆ ವಿಮಾ ಕಂಪನಿಯೇ ಇರಲಿಲ್ಲ. ಹಣ ಇಟ್ಟುಕೊಂಡದ್ದು ಯಶಸ್ವಿನಿ ಸಹಕಾರಿ ರೈತರ ಆರೋಗ್ಯ ರಕ್ಷಣಾ ಟ್ರಸ್ಟ್. ಕ್ಲೇಮುಗಳ ಕೆಲಸವನ್ನು ಹೈದರಾಬಾದಿನ ಫ್ಯಾಮಿಲಿ ಹೆಲ್ತ್ ಪ್ಲಾನ್ ಎಂಬ ಟಿಪಿಎ ಸಂಸ್ಥೆಗೆ ಒಪ್ಪಿಸಲಾಯಿತು. ಟಿಪಿಎ ಎಂದರೆ ವಿಮೆದಾರರಿಗೂ ಆಸ್ಪತ್ರೆಗೂ ನಡುವೆ ನಿಂತು ಕ್ಲೇಮು ಪರಿಶೀಲಿಸುವ ಸಂಸ್ಥೆ. ಇವಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರ 2001ರಲ್ಲಿ ನಿಯಮಾವಳಿ ಮಾಡಿತ್ತು. ಯೋಜನೆಯ ವಿಧಾನ ಹೀಗೆ: ಸದಸ್ಯ ಸೊಸೈಟಿ ಅಥವಾ ಡೇರಿಯಲ್ಲಿ ದುಡ್ಡು ಕಟ್ಟಿ ಫೋಟೋ ಅಂಟಿಸಿದ ಕಾರ್ಡು ಪಡೆಯುತ್ತಾನೆ. ಕಾಯಿಲೆಯಾದಾಗ ಯೋಜನೆಗೆ ಸೇರಿದ ಆಸ್ಪತ್ರೆಗೆ ಕಾರ್ಡು ಹಿಡಿದು ಹೋಗುತ್ತಾನೆ. ಅಲ್ಲಿಯ ಸಂಯೋಜಕರು ಕಾರ್ಡು ನೋಡಿ, ವೈದ್ಯರ ಅಭಿಪ್ರಾಯ ಮತ್ತು ಪರೀಕ್ಷೆಯ ವರದಿಗಳ ಜತೆಗೆ ಪೂರ್ವಾನುಮತಿ ಕೋರಿ ಟಿಪಿಎಗೆ ಕಳಿಸುತ್ತಾರೆ. ಮೊದಮೊದಲು ಫ್ಯಾಕ್ಸಿನಲ್ಲಿ, ಮುಂದೆ ಕಂಪ್ಯೂಟರಿನಲ್ಲಿ. ಅಲ್ಲಿಯ ವೈದ್ಯರು ಒಪ್ಪಿದರೆ ಆಪರೇಷನ್. ಬಿಲ್ಲು ಆಸ್ಪತ್ರೆಯಿಂದ ನೇರವಾಗಿ ಟ್ರಸ್ಟಿಗೆ ಹೋಗುತ್ತದೆ.

ಇಲ್ಲಿ ಬದಲಾದ ಸಂಗತಿಗಳು ಎರಡು. ಸುದ್ದಿ ಕೊಡುವ ಹೊಣೆ ರೋಗಿಯಿಂದ ಆಸ್ಪತ್ರೆಗೆ ದಾಟಿತು. ಜತೆಗೆ ಸುದ್ದಿಯ ಸ್ವರೂಪವೇ ಬೇರೆಯಾಯಿತು: ಮೆಡಿಕ್ಲೇಮಿನ ಸೂಚನೆ ನಡೆದುಹೋದದ್ದರ ವರದಿ, ಯಶಸ್ವಿನಿಯ ಪೂರ್ವಾನುಮತಿ ನಡೆಯಬೇಕಾದದ್ದಕ್ಕೆ ಒಪ್ಪಿಗೆ. ಕ್ಲೇಮು ಸಿಗುತ್ತದೆಯೋ ಇಲ್ಲವೋ ಎಂಬುದು ಖರ್ಚಿಗೆ ಮೊದಲೇ ಗೊತ್ತಾಗುವುದು ಕೈಯಲ್ಲಿ ದುಡ್ಡಿಲ್ಲದವರಿಗೆ ಬಹಳ ದೊಡ್ಡ ವ್ಯತ್ಯಾಸ. ಹಳ್ಳಿಯ ರೈತ ಪಾಲಿಸಿಯ ಷರತ್ತುಗಳನ್ನು ಓದಬೇಕಿರಲಿಲ್ಲ. ಕಾರ್ಡು ಎಲ್ಲಿದೆ, ಸೆಕ್ರೆಟರಿ ಯಾರು, ಯಾವ ಆಸ್ಪತ್ರೆ ಎಂಬಷ್ಟು ತಿಳಿದರೆ ಸಾಕಿತ್ತು. ಮೊದಲ ವರ್ಷವೇ ಒಂಬತ್ತು ಸಾವಿರಕ್ಕೂ ಹೆಚ್ಚು ಆಪರೇಷನ್‌ಗಳು ನಡೆದದ್ದರ ಹಿಂದೆ ಈ ಸರಳತೆ ಇದೆ.

ಕೊರತೆಗಳೂ ಇದ್ದವು. ಹೆಚ್ಚಿನಂಶ ಶಸ್ತ್ರಚಿಕಿತ್ಸೆಗೆ ಸೀಮಿತವಾದ್ದರಿಂದ ಜ್ವರ, ನ್ಯುಮೋನಿಯಾಗಳಂಥವು ಹೊರಗೆ ಉಳಿದವು. ಸಹಕಾರ ಸಂಘದ ಸದಸ್ಯತ್ವ ಇಲ್ಲದ ಭೂಹೀನ ಕೂಲಿಗಳಿಗೆ ಬಾಗಿಲು ಮುಚ್ಚಿತ್ತು; ಹಳ್ಳಿಯಲ್ಲಿ ತೀರಾ ಬಡವರು ಅವರೇ ಆಗಿದ್ದರು. ಕಂತು 2005ರಲ್ಲಿ 120 ರೂಪಾಯಿಗೆ ಏರಿದಾಗ ದೊಡ್ಡ ಕುಟುಂಬಗಳಿಗೆ ಹೊರೆಯಾಯಿತು. ನೋಂದಣಿಗೆ ವರ್ಷದಲ್ಲಿ ಗೊತ್ತಾದ ಅವಧಿಯಷ್ಟೇ ಇದ್ದು, ಅದು ತಪ್ಪಿದರೆ ಮುಂದಿನ ಜೂನ್‌ವರೆಗೆ ಕಾಯಬೇಕಿತ್ತು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ನಡೆಸಿದ ಪ್ರಯೋಗ ಇನ್ನೊಂದು ದಾರಿ ಹಿಡಿಯಿತು. ನ್ಯಾಷನಲ್ ಇನ್ಶೂರೆನ್ಸ್ ಕಂಪನಿಯ ಜತೆಗೂಡಿ ರೂಪಿಸಿದ ಆ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಯಾದವರಿಗೆ ದಿನಕ್ಕೆ 50 ರೂಪಾಯಿ ಕೂಲಿ ನಷ್ಟಕ್ಕೆ, 50 ರೂಪಾಯಿ ಔಷಧಕ್ಕೆ. ಊರಿನ ಕಾರ್ಯಕರ್ತರೇ ರೋಗಿಯನ್ನು ಕಂಡು ಕ್ಲೇಮಿನ ಕೆಲಸ ಮುಗಿಸುತ್ತಿದ್ದರು. ಆಸ್ಪತ್ರೆ ಸೇರಿದ ಕೂಲಿಕಾರನಿಗೆ ಚಿಕಿತ್ಸೆಯ ಖರ್ಚಿನಷ್ಟೇ ಆ ದಿನಗಳ ಕೂಲಿ ತಪ್ಪುವುದೂ ಪೆಟ್ಟು ಎಂಬುದನ್ನು ಇಷ್ಟು ನೇರವಾಗಿ ಗುರುತಿಸಿದ ವಿಮೆ ಆಮೇಲೂ ಹೆಚ್ಚು ಬರಲಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು 2004ರಲ್ಲಿ ತನ್ನ ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ಸಂಪೂರ್ಣ ಸುರಕ್ಷಾ ಆರಂಭಿಸಿತು. ಅಲ್ಲಿ ವಾರಕ್ಕೊಮ್ಮೆ ಸೇರುವ ಸಂಘವೇ ಸುದ್ದಿಯ ಮೊದಲ ತಾಣ.

ಸಹಕಾರ ಸಂಘದ ಹೊರಗೆ ಉಳಿದ ಬಡವರಿಗಾಗಿ ಸರ್ಕಾರದ ಯೋಜನೆಗಳು ಬಂದವು. ಕೇಂದ್ರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ 2008ರಲ್ಲಿ ಆರಂಭವಾಯಿತು: ನೋಂದಣಿಗೆ 30 ರೂಪಾಯಿ, ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿ ರಕ್ಷಣೆ, ಆಸ್ಪತ್ರೆಯ ಯಂತ್ರದಲ್ಲಿ ಸ್ಮಾರ್ಟ್ ಕಾರ್ಡು ತೂರಿಸಿ ಬೆರಳೊತ್ತಿದರೆ ಸುದ್ದಿ ದಾಖಲಾಯಿತು. ರಾಜ್ಯ ಸರ್ಕಾರ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ವಾಜಪೇಯಿ ಆರೋಗ್ಯಶ್ರೀಯನ್ನು 2010ರಲ್ಲಿ ಗುಲ್ಬರ್ಗ ವಿಭಾಗದಲ್ಲಿ ಮೊದಲು ಜಾರಿಗೆ ತಂದು, ಬೆಳಗಾವಿ ವಿಭಾಗದ ನಂತರ, 2012ರಲ್ಲಿ ಬೆಂಗಳೂರು ಮತ್ತು ಮೈಸೂರು ವಿಭಾಗಗಳಿಗೂ ವಿಸ್ತರಿಸಿತು. ಚಿಕ್ಕಮಗಳೂರು ಜಿಲ್ಲೆ ಮೈಸೂರು ವಿಭಾಗದಲ್ಲಿದೆ. ಹೃದಯ, ಮೂತ್ರಪಿಂಡ, ಕ್ಯಾನ್ಸರ್, ಮಿದುಳಿನಂಥ ದೊಡ್ಡ ಕಾಯಿಲೆಗಳಿಗೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ, ಅಗತ್ಯ ಬಿದ್ದರೆ ಇನ್ನೂ 50,000 ರೂಪಾಯಿ. ಕಂತಿಲ್ಲ, ನೋಂದಣಿಯಿಲ್ಲ, ರೇಷನ್ ಕಾರ್ಡೇ ಗುರುತು. ಆರೋಗ್ಯಮಿತ್ರ ಎಂಬ ಹೊಸ ನೌಕರ ಈ ಯೋಜನೆಯ ಜೀವಾಳ. ಆಸ್ಪತ್ರೆಯಲ್ಲಿ ರೋಗಿಯನ್ನು ಎದುರುಗೊಂಡು, ಕಾಗದ ನೋಡಿ, ಪೂರ್ವಾನುಮತಿಗೆ ಕಳಿಸಿ, ಡಿಸ್ಚಾರ್ಜ್ ಆಗುವವರೆಗೆ ಹಿಂದೆ ನಿಲ್ಲುವುದು ಅವರ ಕೆಲಸ. ಊರೂರುಗಳಲ್ಲಿ ಆರೋಗ್ಯ ಶಿಬಿರ ನಡೆಸಿ ರೋಗಿಗಳನ್ನು ಹುಡುಕಿ ಆಸ್ಪತ್ರೆಗೆ ಕರೆತರಲಾಯಿತು. ಕಾಯಿಲೆಯ ಸುದ್ದಿ ರೋಗಿಯಿಂದ ವಿಮೆದಾರರಿಗೆ ಹೋಗುವ ಬದಲು ವಿಮೆದಾರರೇ ಅದನ್ನು ಹುಡುಕಿಕೊಂಡು ಬಂದಂತಾಯಿತು. ಯೋಜನೆ ಬಂದ ಮತ್ತು ಇನ್ನೂ ಬಾರದ ಅಕ್ಕಪಕ್ಕದ ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನ, ಯೋಜನೆಗೆ ಸೇರಿದ ಕಾಯಿಲೆಗಳಿಂದ ಬಡವರಲ್ಲಿ ಆಗುವ ಸಾವು ಶೇ. 64ರಷ್ಟು ಕಡಿಮೆ ಇತ್ತೆಂದು ಕಂಡಿತು.

2018ರ ಮಾರ್ಚ್ 2ರಂದು ಆರೋಗ್ಯ ಕರ್ನಾಟಕ ಆರಂಭವಾಯಿತು. ಯಶಸ್ವಿನಿ, ಆರೋಗ್ಯಶ್ರೀ ಮೊದಲಾದವು ಅದರಲ್ಲಿ ಸೇರಿಹೋದವು. ಅದೇ ವರ್ಷದ ಮೇ ಕೊನೆಗೆ ಯಶಸ್ವಿನಿ ನಿಂತಿತು. ಅಕ್ಟೋಬರ್ 30ರಂದು ಆರೋಗ್ಯ ಕರ್ನಾಟಕವನ್ನು ಕೇಂದ್ರದ ಆಯುಷ್ಮಾನ್ ಭಾರತ್ ಜತೆ ಕೂಡಿಸಲಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಸುದ್ದಿಯ ದಾರಿ ಮತ್ತೆ ಬದಲಾಯಿತು. ತುರ್ತು ಚಿಕಿತ್ಸೆಗಳ ಪಟ್ಟಿಯಲ್ಲಿಲ್ಲದ ಕಾಯಿಲೆಗೆ ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸೌಲಭ್ಯವಿಲ್ಲದಿದ್ದರೆ ರೆಫರಲ್ ಪತ್ರ ಪಡೆದು ಖಾಸಗಿ ಆಸ್ಪತ್ರೆಗೆ ಹೋಗಬೇಕು. ಸರ್ಕಾರಿ ಆಸ್ಪತ್ರೆಗಳು ಬಲಗೊಳ್ಳಲಿ, ಖಾಸಗಿಗೆ ಬೇಕಿಲ್ಲದ ದುಡ್ಡು ಹರಿಯದಿರಲಿ ಎಂಬ ಉದ್ದೇಶ ಸರಿಯಾದದ್ದೇ. ಆದರೆ ಯಶಸ್ವಿನಿ ಕಾರ್ಡು ಹಿಡಿದು ನೇರವಾಗಿ ಬೇಕಾದ ಆಸ್ಪತ್ರೆಗೆ ಹೋಗಿ ಬಂದಿದ್ದ ರೈತನಿಗೆ ಈ ಪತ್ರ ಒಂದು ಮೆಟ್ಟಿಲು ಹೆಚ್ಚು. ಕಡೂರಿನ ಆಸ್ಪತ್ರೆಯಿಂದ ಚಿಕ್ಕಮಗಳೂರಿನ ಆಸ್ಪತ್ರೆಗೆ, ಅಲ್ಲಿಂದ ಪತ್ರ ಹಿಡಿದು ಶಿವಮೊಗ್ಗಕ್ಕೋ ಬೆಂಗಳೂರಿಗೋ ಎಂಬ ಅಲೆದಾಟವನ್ನು ಕೂಲಿ ಬಿಟ್ಟು ಬಂದವರು ಸಹಿಸುವುದು ಕಷ್ಟ. ಯಶಸ್ವಿನಿ ಮರಳಿ ಬೇಕೆಂಬ ಒತ್ತಾಯ ಸಹಕಾರಿಗಳಿಂದ ಸತತವಾಗಿ ಬಂದದ್ದಕ್ಕೆ ಇದೂ ಒಂದು ಕಾರಣ. ಬಸವರಾಜ ಬೊಮ್ಮಾಯಿ ಅವರ 2022ರ ಬಜೆಟ್ಟಿನಲ್ಲಿ ಅದಕ್ಕೆ 300 ಕೋಟಿ ರೂಪಾಯಿ ಇಡಲಾಯಿತು, 2023ರ ಜನವರಿ 1ರಿಂದ ಚಿಕಿತ್ಸೆ ಮತ್ತೆ ಶುರುವಾಯಿತು. ಈಗ ಗ್ರಾಮೀಣ ಸಹಕಾರಿಗಳ ನಾಲ್ವರವರೆಗಿನ ಕುಟುಂಬಕ್ಕೆ ಕಂತು 500 ರೂಪಾಯಿ, ರಕ್ಷಣೆ 5 ಲಕ್ಷ. ಪರಿಶಿಷ್ಟ ಜಾತಿ ಮತ್ತು ಪಂಗಡದವರ ಕಂತನ್ನು ಸರ್ಕಾರವೇ ಭರಿಸುತ್ತದೆ.

ಖಾಸಗಿ ಪಾಲಿಸಿಗಳ ಲೋಕದಲ್ಲಿ ಬದಲಾವಣೆ ಬಂದದ್ದು ನಿಯಂತ್ರಕರಿಂದ ಮತ್ತು ನ್ಯಾಯಾಲಯಗಳಿಂದ. 1999ರ ಕಾಯಿದೆಯಿಂದ ಹುಟ್ಟಿದ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ 2011ರ ಸೆಪ್ಟೆಂಬರ್ 20ರಂದು ಒಂದು ಸುತ್ತೋಲೆ ಹೊರಡಿಸಿತು. ಸೂಚನೆ ಕೊಡಲು ಅಥವಾ ಕಾಗದ ಸಲ್ಲಿಸಲು ತಡವಾಯಿತು ಎಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮುಗಳನ್ನು ತಳ್ಳಿಹಾಕಬಾರದು, ತಡವಾದದ್ದು ತಪ್ಪಿಸಲಾಗದ ಕಾರಣಕ್ಕೇ ಎಂಬುದನ್ನು ಕಂಪನಿ ನೋಡಬೇಕು ಎಂಬುದು ಅದರ ಸಾರ. 1923ರ ಕಾಯಿದೆ ಕೆಲಸಗಾರನಿಗೆ ತೋರಿಸಿದ ನ್ಯಾಯ ಇಲ್ಲಿ ಪಾಲಿಸಿದಾರನಿಗೂ ದಕ್ಕಿತು. 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಲಾರಿ ಕಳವಿನ ಪ್ರಕರಣವೊಂದರಲ್ಲಿ ಇದೇ ಮಾತನ್ನು ಎತ್ತಿಹಿಡಿಯಿತು; ತಡಕ್ಕೆ ಒಪ್ಪುವಂಥ ಕಾರಣವಿದ್ದು ನಷ್ಟ ನಿಜವೆಂದು ಗೊತ್ತಾದ ಮೇಲೆ, ತಾಂತ್ರಿಕ ನೆಪದಿಂದ ಕ್ಲೇಮು ನಿರಾಕರಿಸಿದರೆ ಜನರಿಗೆ ವಿಮೆಯ ಮೇಲಿನ ನಂಬಿಕೆ ಹೋಗುತ್ತದೆ ಎಂದಿತು. ವಾಹನಕ್ಕೆ ಸಂಬಂಧಿಸಿದ ತೀರ್ಪಾದರೂ ಅದರ ತರ್ಕ ಆರೋಗ್ಯ ವಿಮೆಗೂ ಹೊಂದುತ್ತದೆ. ಜ್ಞಾನ ತಪ್ಪಿ ಐಸಿಯುನಲ್ಲಿ ಮಲಗಿದವನಿಗೆ ಲಾರಿಯ ಮಾಲೀಕನಿಗಿಂತ ಹೆಚ್ಚಿನ ರಿಯಾಯಿತಿ ಸಲ್ಲಬೇಕಾದದ್ದೇ.

ಎಲ್ಲ ಕಂಪನಿಗಳೂ ಒಂದೇ ಷರತ್ತುಗಳಲ್ಲಿ ಮಾರಬೇಕೆಂದು 2020ರ ಏಪ್ರಿಲ್ 1ರಿಂದ ಬಂದ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ಗಡುವು ಹೀಗಿದೆ: ಮೊದಲೇ ಗೊತ್ತುಮಾಡಿದ ಚಿಕಿತ್ಸೆಯಾದರೆ ಅಡ್ಮಿಟ್ ಆಗುವುದಕ್ಕೆ ಕನಿಷ್ಠ 48 ಗಂಟೆ ಮೊದಲು, ತುರ್ತಾಗಿದ್ದರೆ ಅಡ್ಮಿಟ್ ಆದ 24 ಗಂಟೆಯೊಳಗೆ ಅಥವಾ ಡಿಸ್ಚಾರ್ಜ್‌ಗೆ ಮೊದಲು, ಯಾವುದು ಮುಂಚೆಯೋ ಅದು. ಅಂಚೆಯ ಕಾಲದ 7 ದಿನ ಮೊಬೈಲ್ ಕಾಲಕ್ಕೆ 24 ಗಂಟೆಯಾಯಿತು. 2024ರ ಜನವರಿಯಲ್ಲಿ ಸಾಮಾನ್ಯ ವಿಮಾ ಮಂಡಳಿ, ಕಂಪನಿಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಚಿಕಿತ್ಸೆ ಪಡೆಯುವ ವ್ಯವಸ್ಥೆ ಘೋಷಿಸಿತು. ಅಲ್ಲಿ ಗೊತ್ತುಮಾಡಿದ ಚಿಕಿತ್ಸೆಗೆ 48 ಗಂಟೆ ಮೊದಲು, ತುರ್ತಿಗೆ ಸೇರಿದ 48 ಗಂಟೆಯೊಳಗೆ ತಿಳಿಸಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ ಅದೇ ವರ್ಷದ ಮೇ 29ರ ಮಾಸ್ಟರ್ ಸುತ್ತೋಲೆ ಗಡುವನ್ನು ಕಂಪನಿಗಳ ಮೇಲೂ ಹೇರಿತು. ಕ್ಯಾಶ್‌ಲೆಸ್ ಕೋರಿಕೆಗೆ 1 ಗಂಟೆಯೊಳಗೆ, ಡಿಸ್ಚಾರ್ಜ್ ಕೋರಿಕೆಗೆ 3 ಗಂಟೆಯೊಳಗೆ ಉತ್ತರ ಕೊಡಬೇಕು. ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಕ್ಲೇಮು ತಿರಸ್ಕರಿಸುವಂತಿಲ್ಲ. ಬೇಕಾದ ಕಾಗದಗಳನ್ನು ಪಾಲಿಸಿದಾರರಿಂದಲ್ಲ, ಆಸ್ಪತ್ರೆಯಿಂದಲೇ ತರಿಸಿಕೊಳ್ಳಬೇಕು.

ಹೀಗಾಗಿ ಇಂದು ಸಖರಾಯಪಟ್ಟಣದ ಒಂದೇ ಮನೆಯಲ್ಲಿ ಮೂರು ಬಗೆಯ ಸುದ್ದಿ ಬೇಕಾಗಬಹುದು. ಬಿಪಿಎಲ್ ಕಾರ್ಡಿನ ಮೇಲೆ ಆಯುಷ್ಮಾನ್ ಬಳಸುವ ಅಜ್ಜಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ, ತುರ್ತಾದರೆ ನೇರ ದಾಖಲಾತಿ. ಸೊಸೈಟಿಯಲ್ಲಿ ಯಶಸ್ವಿನಿ ಮಾಡಿಸಿದ ಮಗನಿಗೆ ಆಸ್ಪತ್ರೆಯ ಕೌಂಟರಿನಿಂದ ಹೋಗುವ ಪೂರ್ವಾನುಮತಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮೊಮ್ಮಗಳು ಕಂಪನಿಯ ಪಾಲಿಸಿಯಲ್ಲಿ ತಂದೆತಾಯಿಯನ್ನೂ ಸೇರಿಸಿದ್ದರೆ ಟಿಪಿಎಗೆ 24 ಗಂಟೆಯೊಳಗೆ ಫೋನು ಅಥವಾ ಆ್ಯಪ್ ಮೂಲಕ ಸೂಚನೆ, ಅದರ ರೆಫರೆನ್ಸ್ ನಂಬರು. ನಂಬರು ಬರೆದಿಟ್ಟುಕೊಳ್ಳುವುದು ಹಿಂದಿನ ಅಂಚೆ ರಸೀದಿಯಷ್ಟೇ ಮುಖ್ಯ. ಮುಂದೆ ತಕರಾರು ಬಂದರೆ ಸುದ್ದಿ ಮುಟ್ಟಿತೆಂಬುದಕ್ಕೆ ಅದೇ ದಾಖಲೆ. ಕಂಪನಿ ಕ್ಲೇಮು ತಿರಸ್ಕರಿಸಿ, ಅಲ್ಲಿಗೇ ಕೊಟ್ಟ ದೂರೂ ಫಲಿಸದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ, ವಕೀಲರಿಲ್ಲದೆ ದೂರು ಕೊಡಬಹುದು. ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದ ಅವಧಿಯಿದೆ.